ಬಣ್ಣಕ್ಕೂ ಬೇಕು ಶ್ರುತಿ

ಶಾಲೆಯ ವಾರ್ಷಿಕ ಸಂಚಿಕೆಗೆ ಮುಖಪುಟ ಬೇಕಾಗಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೇ ತಿಂಗಳಲ್ಲಿ ಹೂ ತುಂಬಿ ನಿಂತ ಗುಲ್‌ಮೊಹರ್ ಮರವನ್ನು ಜಲವರ್ಣದಲ್ಲಿ ಬರೆದುಕೊಟ್ಟಿದ್ದಾಳೆ ಎಂದಿಟ್ಟುಕೊಳ್ಳಿ. ಚಿತ್ರವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದಾಗ ಪರದೆಯ ಮೇಲೆ ಮರ ಹೊತ್ತಿ ಉರಿಯುವಂತೆ ಕಂಡಿತು. ನೋಡಿದವರೆಲ್ಲ ಭೇಷ್ ಎಂದರು. ಎರಡು ವಾರದ ನಂತರ ಮುದ್ರಣಾಲಯದಿಂದ 500 ಪ್ರತಿಗಳ ಕಟ್ಟು ಬಂತು. ಬಿಚ್ಚಿ ನೋಡಿದರೆ ಹೂವಿನ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಹಿಂದಿನ ನೀಲಿ ಆಕಾಶದಲ್ಲಿ ನೇರಳೆ ಛಾಯೆ. ಇಡೀ ಚಿತ್ರಕ್ಕೆ ಮಂಕು ಕವಿದಿದೆ.

‘ನೀವು ಕೊಟ್ಟ ಫೈಲು ಹೇಗಿತ್ತೋ ಹಾಗೇ ಅಚ್ಚು ಹಾಕಿದ್ದೇವೆ’ ಎನ್ನುತ್ತಾರೆ ಮುದ್ರಕರು. ‘ನಾವು ನೋಡಿದಾಗ ಚೆನ್ನಾಗಿಯೇ ಇತ್ತಲ್ಲ’ ಎನ್ನುತ್ತಾರೆ ಶಾಲೆಯವರು. ಹುಡುಗಿ ಮಾತ್ರ ಏನೂ ಹೇಳುವುದಿಲ್ಲ. ತಾನೇ ಬಣ್ಣ ಸರಿಯಾಗಿ ಹಚ್ಚಲಿಲ್ಲವೇನೋ ಎಂದು ಒಳಗೊಳಗೇ ಅಂದುಕೊಳ್ಳುತ್ತಾಳೆ.

ಮದುವೆಯ ಆಮಂತ್ರಣ ಪತ್ರಿಕೆ, ಅಂಗಡಿಯ ಕ್ಯಾಲೆಂಡರ್, ಮಗುವಿನ ಹುಟ್ಟುಹಬ್ಬದ ಫೋಟೊ, ಹೀಗೆ ಏನನ್ನೇ ಅಚ್ಚು ಹಾಕಿಸಿದವರಿಗೂ ಈ ಅನುಭವ ಹೊಸದಲ್ಲ. ತಪ್ಪು ಯಾರದು? ವಿಚಿತ್ರವೆಂದರೆ, ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮುದ್ರಕರ ಮಾತೂ ನಿಜ, ಶಾಲೆಯವರ ಮಾತೂ ನಿಜ, ಹುಡುಗಿಯ ಕುಂಚವೂ ತಪ್ಪಿಲ್ಲ. ಹಾಗಾದರೆ ಬಣ್ಣ ಕೆಟ್ಟದ್ದೆಲ್ಲಿ? ಉತ್ತರ ಬೇಕಾದರೆ ಪರದೆ ಬಣ್ಣವನ್ನು ಹೇಗೆ ಮಾಡುತ್ತದೆ, ಕಾಗದ ಹೇಗೆ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕೂಡಿಸುವ ಪರದೆ, ಕಳೆಯುವ ಕಾಗದ

ಕಂಪ್ಯೂಟರಿನ ಮಾನಿಟರ್ ತಾನೇ ಬೆಳಕು ಸೂಸುತ್ತದೆ. ದೀಪ ಆರಿಸಿದ ಕೋಣೆಯಲ್ಲೂ ಅದು ಕಾಣುತ್ತದೆ. ಅದರ ಮೈತುಂಬ ಕೆಂಪು, ಹಸಿರು, ನೀಲಿ ಎಂಬ ಮೂರೇ ಬಗೆಯ ಸಣ್ಣ ಸಣ್ಣ ಚುಕ್ಕೆಗಳಿವೆ. ಕೆಂಪು ಮತ್ತು ಹಸಿರು ಒಟ್ಟಿಗೆ ಬೆಳಗಿದರೆ ನಮ್ಮ ಕಣ್ಣಿಗೆ ಹಳದಿ. ಮೂರೂ ಪೂರ್ತಿ ಬೆಳಗಿದರೆ ಬಿಳಿ. ಮೂರೂ ಆರಿದರೆ ಕಪ್ಪು. ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಮೂರು ಬಗೆಯವು. ಆದ್ದರಿಂದಲೇ ಮೂರು ಬಣ್ಣದ ಬೆಳಕಿನಿಂದ ಇಷ್ಟೆಲ್ಲ ಆಟ ಆಡಲು ಸಾಧ್ಯ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇದನ್ನು ಸಭೆಯ ಮುಂದೆ ತೋರಿಸಿದ. ಚೌಕುಳಿಯ ಬಣ್ಣದ ರಿಬ್ಬನ್ನೊಂದನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಮೂರು ಸಲ ಫೋಟೊ ತೆಗೆಸಿ, ಆ ಮೂರು ಕಪ್ಪು-ಬಿಳುಪು ಚಿತ್ರಗಳನ್ನು ಅದದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿದಾಗ ಗೋಡೆಯ ಮೇಲೆ ರಿಬ್ಬನ್ ತನ್ನ ಬಣ್ಣಗಳೊಡನೆ ಮೂಡಿತು. ಇಂದಿನ ಟಿವಿ, ಮೊಬೈಲ್, ಮಾನಿಟರ್‌ಗಳೆಲ್ಲ ಮಾಡುತ್ತಿರುವುದು ಇದೇ ಕೆಲಸವನ್ನು.

ಕಾಗದದ ಸ್ವಭಾವ ಇದಕ್ಕೆ ತೀರ ಉಲ್ಟಾ. ಅದಕ್ಕೆ ಸ್ವಂತ ಬೆಳಕಿಲ್ಲ. ಕಿಟಕಿಯ ಬಿಸಿಲೋ ಟ್ಯೂಬ್‌ಲೈಟಿನ ಬೆಳಕೋ ಅದರ ಮೇಲೆ ಬೀಳಬೇಕು, ಶಾಯಿ ಅದರಲ್ಲೊಂದು ಪಾಲನ್ನು ಹೀರಿಕೊಳ್ಳಬೇಕು, ಉಳಿದದ್ದು ಹಿಂದಿರುಗಿ ನಮ್ಮ ಕಣ್ಣಿಗೆ ಬರಬೇಕು. ಮುದ್ರಣದಲ್ಲಿ ಬಳಸುವ ಸಯಾನ್ ಎಂಬ ಹಸಿರುನೀಲಿ ಶಾಯಿ ಬೆಳಕಿನಿಂದ ಕೆಂಪನ್ನು ನುಂಗುತ್ತದೆ. ಮೆಜೆಂಟಾ ಎಂಬ ನೇರಳೆಗೆಂಪು ಶಾಯಿ ಹಸಿರನ್ನು ನುಂಗುತ್ತದೆ. ಹಳದಿ ಶಾಯಿ ನೀಲಿಯನ್ನು ನುಂಗುತ್ತದೆ. ಹಳದಿಯ ಮೇಲೆ ಮೆಜೆಂಟಾ ಬಿದ್ದರೆ ನೀಲಿಯೂ ಹೋಯಿತು, ಹಸಿರೂ ಹೋಯಿತು, ಉಳಿದದ್ದು ಕೆಂಪು. ಮೂರೂ ಶಾಯಿ ಸೇರಿದರೆ ಲೆಕ್ಕದ ಪ್ರಕಾರ ಕಪ್ಪು ಬರಬೇಕು. ಆದರೆ ಯಾವ ಶಾಯಿಯೂ ತನ್ನ ಪಾಲನ್ನು ಪೂರ್ತಿಯಾಗಿ ನುಂಗುವುದಿಲ್ಲವಾದ್ದರಿಂದ ಕೆಸರಿನಂಥ ಕಂದು ಬರುತ್ತದೆ. ಅದಕ್ಕೇ ಮುದ್ರಕರು ನಾಲ್ಕನೆಯದಾಗಿ ಕಪ್ಪು ಶಾಯಿಯನ್ನೂ ಇಟ್ಟುಕೊಂಡಿರುತ್ತಾರೆ.

ಶಾಲೆಯ ಗಣಿತದ ಮಾತಿನಲ್ಲಿ ಹೇಳುವುದಾದರೆ ಪರದೆಯದು ಸಂಕಲನ, ಕಾಗದದ್ದು ವ್ಯವಕಲನ. ಒಂದು ಕತ್ತಲೆಯಿಂದ ಹೊರಟು ಬೆಳಕು ಕೂಡಿಸುತ್ತದೆ. ಇನ್ನೊಂದು ಬಿಳಿಯಿಂದ ಹೊರಟು ಬೆಳಕು ಕಳೆಯುತ್ತದೆ. ಇಷ್ಟು ವಿರುದ್ಧ ದಾರಿಯಲ್ಲಿ ಹೊರಟ ಎರಡು ಕೊನೆಗೆ ಒಂದೇ ಬಣ್ಣಕ್ಕೆ ಬಂದು ಸೇರಬೇಕೆಂಬುದು ನಮ್ಮ ಆಸೆ. ಮಧ್ಯೆ ಒಬ್ಬ ದುಭಾಷಿ ಇಲ್ಲದೆ ಅದು ಆಗುವ ಮಾತಲ್ಲ.

ಅಂಕಿ ಒಂದೇ, ಬಣ್ಣ ಬೇರೆ

ಕಂಪ್ಯೂಟರಿಗೆ ಬಣ್ಣ ಎಂದರೆ ಏನು ಗೊತ್ತೆ? ಮೂರು ಅಂಕಿ, ಅಷ್ಟೆ. ಸಾಮಾನ್ಯ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲುಗಳು. 256ನ್ನು ಮೂರು ಸಲ ಗುಣಿಸಿದರೆ 1,67,77,216 ಬಣ್ಣಗಳ ಲೆಕ್ಕ ಸಿಗುತ್ತದೆ. ಗುಲ್‌ಮೊಹರ್ ಹೂವಿನ ಒಂದು ಎಸಳು ಫೈಲಿನೊಳಗೆ ‘ಕೆಂಪು 220, ಹಸಿರು 60, ನೀಲಿ 30’ ಎಂದು ಇರಬಹುದು.

ಆದರೆ ‘ಕೆಂಪು 220’ ಎಂದರೆ ಎಂಥ ಕೆಂಪು? ಅದು ಆಯಾ ಪರದೆಯ ಚುಕ್ಕೆಯನ್ನು ಅವಲಂಬಿಸಿದೆ. ಟಿವಿ ಮಾರುವ ಅಂಗಡಿಗೆ ಹೋದಾಗ ಗಮನಿಸಿ. ಸಾಲಾಗಿ ಇಟ್ಟ ಹತ್ತು ಟಿವಿಗಳಲ್ಲೂ ಅದೇ ಕ್ರಿಕೆಟ್ ಪಂದ್ಯ ಓಡುತ್ತಿರುತ್ತದೆ. ಮೈದಾನದ ಹುಲ್ಲು ಮಾತ್ರ ಒಂದರಲ್ಲಿ ಗಿಣಿಹಸಿರು, ಇನ್ನೊಂದರಲ್ಲಿ ಬಾಡಿದ ಹಸಿರು, ಮತ್ತೊಂದರಲ್ಲಿ ನೀಲಿ ಬೆರೆತ ಹಸಿರು. ಹತ್ತಕ್ಕೂ ಬರುತ್ತಿರುವ ಅಂಕಿಗಳು ಒಂದೇ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಪರದೆಗಳ ನಡುವೆಯೂ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತದೆ. ಮೇಲಾಗಿ ಗಿರಾಕಿಯ ಕಣ್ಣು ಸೆಳೆಯಲೆಂದು ಹೆಚ್ಚಿನ ಪರದೆಗಳನ್ನು ತುಸು ನೀಲಿಯಾಗಿ, ಬಹಳ ಪ್ರಖರವಾಗಿ ಹೊಂದಿಸಿಯೇ ಕಳಿಸಿರುತ್ತಾರೆ.

ಸಂಗೀತ ಕಛೇರಿಯನ್ನು ನೆನೆಸಿಕೊಳ್ಳಿ. ಹಾಡು ಆರಂಭವಾಗುವ ಮುನ್ನ ತಂಬೂರಿಯ ತಂತಿ ಬಿಗಿಯುತ್ತಾರೆ, ಪಿಟೀಲಿನ ಬಿರಡೆ ತಿರುಗಿಸುತ್ತಾರೆ, ಮೃದಂಗದ ಅಂಚನ್ನು ತಟ್ಟಿ ತಟ್ಟಿ ನೋಡುತ್ತಾರೆ. ಎಲ್ಲರ ಕೈಯಲ್ಲೂ ಇರುವುದು ಅದೇ ಸರಿಗಮ. ಆದರೆ ‘ಸ’ ಎಲ್ಲಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳದಿದ್ದರೆ ಅದೇ ಸರಿಗಮ ಅಪಸ್ವರವಾಗುತ್ತದೆ. ಚಿತ್ರದ ಫೈಲಿನಲ್ಲಿರುವ ಅಂಕಿಗಳು ಸರಿಗಮದ ಹಾಗೆ. ಮಾನಿಟರನ್ನು ಕ್ಯಾಲಿಬ್ರೇಟ್ ಮಾಡುವುದೆಂದರೆ ಅದರ ಶ್ರುತಿ ಸೇರಿಸುವುದು.

17 ಜನರ ಕಣ್ಣು

ಶ್ರುತಿ ಸೇರಿಸಲು ಒಂದು ಆಧಾರ ಬೇಕು. ಬಣ್ಣಕ್ಕೆ ಆಧಾರ ಯಾವುದು? ‘ಕುಂಕುಮದ ಕೆಂಪು’, ‘ಮಾವಿನ ಚಿಗುರಿನ ಬಣ್ಣ’ ಎಂದರೆ ಒಬ್ಬೊಬ್ಬರ ಮನಸ್ಸಿಗೆ ಒಂದೊಂದು ಬರುತ್ತದೆ. 1920ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಬೇರೆ ಬೇರೆಯಾಗಿ ಒಂದು ಪ್ರಯೋಗ ಮಾಡಿದರು. ನೋಡುವವನ ಮುಂದೆ ಎರಡು ಭಾಗವಾದ ಒಂದು ಕಿಂಡಿ. ಒಂದು ಭಾಗದಲ್ಲಿ ಕಾಮನಬಿಲ್ಲಿನ ಯಾವುದೋ ಒಂದು ಶುದ್ಧ ಬಣ್ಣ. ಇನ್ನೊಂದರಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನ ಮಿಶ್ರಣ. ಎರಡೂ ಒಂದೇ ಎಂದು ಕಾಣುವವರೆಗೆ ಮೂರು ಬೆಳಕನ್ನೂ ಹೆಚ್ಚು ಕಡಿಮೆ ಮಾಡಬೇಕು. ಆಗ ಯಾವ ಬೆಳಕು ಎಷ್ಟಿತ್ತೆಂದು ಬರೆದಿಟ್ಟುಕೊಳ್ಳಬೇಕು. ರೈಟ್ 10 ಜನರಿಂದಲೂ ಗಿಲ್ಡ್ 7 ಜನರಿಂದಲೂ ಹೀಗೆ ಅಳತೆ ಪಡೆದರು.

ಈ 17 ಜನರ ಕಣ್ಣಿನ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು ಬೆಳಕಿನ ಅಂತರರಾಷ್ಟ್ರೀಯ ಆಯೋಗವಾದ ಸಿಐಇ 1931ರಲ್ಲಿ ಬಣ್ಣಕ್ಕೆ ಸಂಖ್ಯೆ ಕೊಡುವ ಪದ್ಧತಿಯನ್ನು ರೂಪಿಸಿತು. ಇಲ್ಲಿಯ ಸಂಖ್ಯೆ ಯಾವುದೋ ಒಂದು ಯಂತ್ರದ್ದಲ್ಲ, ಮನುಷ್ಯನ ಕಣ್ಣಿನದು. ಮಾನಿಟರ್ ಇರಲಿ, ಕಾಗದ ಇರಲಿ, ಬಟ್ಟೆ ಇರಲಿ, ಅದರಿಂದ ಬಂದ ಬೆಳಕು ಮನುಷ್ಯನ ಕಣ್ಣಿಗೆ ಹೇಗೆ ತಾಗುತ್ತದೆ ಎಂಬುದನ್ನು ಅದು ಹೇಳುತ್ತದೆ.

ಇದು ಪುಸ್ತಕದ ಬದನೆಕಾಯಿ ಎನ್ನಬೇಡಿ. ನಮ್ಮ ರಾಷ್ಟ್ರಧ್ವಜಕ್ಕೆ ‘ಐಎಸ್ 1’ ಎಂಬ ಭಾರತೀಯ ಮಾನಕವಿದೆ. ಅದರಲ್ಲಿ ಖಾದಿ ಬಟ್ಟೆಯ ಕೇಸರಿ, ಬಿಳಿ, ಹಸಿರು ಮತ್ತು ಚಕ್ರದ ನೀಲಿಯನ್ನು ಇದೇ 1931ರ ಪದ್ಧತಿಯ ಸಂಖ್ಯೆಗಳಲ್ಲಿ ನಿಗದಿ ಮಾಡಲಾಗಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಸಿದ್ಧಪಡಿಸುವವರಿಗೆ ‘ಕೇಸರಿ’ ಎಂಬ ಪದವೊಂದೇ ಸಾಲದು. ಎಂಥ ಕೇಸರಿ ಎಂಬುದನ್ನು ಸಂಖ್ಯೆ ಹೇಳಬೇಕು. ಬಣ್ಣದ ಮಾತಿನಲ್ಲಿ ಜಗಳ ಬರಬಾರದೆಂದರೆ ಇದೇ ದಾರಿ.

ಶ್ರುತಿ ಮಾಡುವ ಕ್ರಮ

ಮಾನಿಟರಿನಲ್ಲಿ ಮುಖ್ಯವಾಗಿ ಮೂರು ವಿಷಯ ಸರಿಯಾಗಬೇಕು.

ಮೊದಲನೆಯದು ಪ್ರಖರತೆ. ಇದನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು ಅಳೆಯುತ್ತಾರೆ. ಅಂಗಡಿಯಿಂದ ತಂದ ಮಾನಿಟರ್ ಸಾಮಾನ್ಯವಾಗಿ 250 ಅಥವಾ ಅದಕ್ಕಿಂತ ಹೆಚ್ಚು ಕ್ಯಾಂಡೆಲಾದಲ್ಲಿ ಝಗಝಗಿಸಬಲ್ಲದು. ಅಚ್ಚಿಗೆ ಕೊಡುವ ಚಿತ್ರವನ್ನು ತಿದ್ದುವವರು ಅದನ್ನು 80ರಿಂದ 120ಕ್ಕೆ ಇಳಿಸಿಕೊಳ್ಳುತ್ತಾರೆ. ಕಾರಣ ಸರಳ. ಕೋಣೆಯ ಬೆಳಕಿನಲ್ಲಿ ಹಿಡಿದ ಬಿಳಿ ಕಾಗದ ಸುಮಾರಾಗಿ ಅಷ್ಟೇ ಬೆಳಗುತ್ತದೆ. ‘ಅಚ್ಚು ಮಂಕಾಗಿದೆ, ಕಪ್ಪಾಗಿದೆ’ ಎಂಬ ದೂರು ಹತ್ತರಲ್ಲಿ ಹಲವು ಸಲ ಹುಟ್ಟುವುದು ಮುದ್ರಣಾಲಯದಲ್ಲಲ್ಲ, ಅತಿಯಾಗಿ ಬೆಳಗುವ ಪರದೆಯಲ್ಲಿ. ಪರದೆ ಬಹಳ ಬೆಳ್ಳಗಿದ್ದರೆ ತಿದ್ದುವವರು ಚಿತ್ರ ಸಾಕಷ್ಟು ಬೆಳಕಾಗಿದೆ ಎಂದುಕೊಂಡು ಕೈ ಬಿಡುತ್ತಾರೆ. ಕಾಗದಕ್ಕೆ ಆ ಬೆಳಕು ಎಲ್ಲಿಂದ ಬರಬೇಕು?

ಎರಡನೆಯದು ಬಿಳಿಯ ಬಣ್ಣ. ಬಿಳಿಗೂ ಬಣ್ಣವೇ ಎಂದು ಕೇಳಬಹುದು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯುತ್ತಾ ಹೋದಂತೆ ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ, ಇನ್ನೂ ಕಾದರೆ ಬೆಳ್ಳಗೆ ಹೊಳೆಯುತ್ತದೆ. ಹೀಗಾಗಿ ಬೆಳಕಿನ ಛಾಯೆಯನ್ನು ತಾಪದ ಅಳತೆಯಾದ ಕೆಲ್ವಿನ್‌ನಲ್ಲೇ ಹೇಳುವ ರೂಢಿ ಬಂದಿದೆ. ಹಳೆಯ ಕಾಲದ ಬುರುಡೆ ಬಲ್ಬಿನ ಹಳದಿ ಬೆಳಕು ಸುಮಾರು 2700 ಕೆಲ್ವಿನ್. ಹಗಲಿನ ಬೆಳಕಿಗೆ ಪ್ರಮಾಣವಾಗಿ ಇಟ್ಟುಕೊಂಡದ್ದು 6500 ಕೆಲ್ವಿನ್. ಅದಕ್ಕಿಂತ ಮೇಲೆ ಹೋದರೆ ನೀಲಿ ಛಾಯೆ. ಚಿತ್ರಕಾರರು ನೀಲಿಯನ್ನು ‘ತಂಪು’ ಬಣ್ಣ ಎನ್ನುತ್ತಾರೆ; ಭೌತವಿಜ್ಞಾನದಲ್ಲಿ ಅದೇ ಹೆಚ್ಚು ಬಿಸಿ! ಮಾನಿಟರಿಗೆ ಸಾಮಾನ್ಯವಾಗಿ 6500 ಕೆಲ್ವಿನ್ ಇಡುತ್ತಾರೆ. ಅಚ್ಚಾದ ಹಾಳೆಗಳನ್ನು ಪರೀಕ್ಷಿಸುವ ಬೆಳಕಿಗೆ ಮುದ್ರಣ ಉದ್ಯಮ 5000 ಕೆಲ್ವಿನ್ ಪ್ರಮಾಣವನ್ನು ಒಪ್ಪಿಕೊಂಡಿದೆ. ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಪರದೆಯ ಬಿಳಿಯೂ ಕಾಗದದ ಬಿಳಿಯೂ ಒಂದಕ್ಕೊಂದು ಒಪ್ಪಬೇಕು, ಗುರಿ ಅದು.

ಮೂರನೆಯದು ನಡುವಣ ಮೆಟ್ಟಿಲುಗಳು. ಅಂಕಿ 255 ಎಂದರೆ ಪೂರ್ತಿ ಬೆಳಕು. 128 ಎಂದರೆ ಅರ್ಧ ಬೆಳಕು ಎಂದು ತಾನೆ ನೀವು ಹೇಳುವುದು? ಅಲ್ಲ. ಸರಿಯಾಗಿ ಹೊಂದಿಸಿದ ಪರದೆಯಲ್ಲಿ ಅದು ನೂರಕ್ಕೆ ಸುಮಾರು 22ರಷ್ಟು ಬೆಳಕು ಮಾತ್ರ. ಕಣ್ಣಿನ ಸ್ವಭಾವಕ್ಕೆ ಅದೇ ನಡುಮಧ್ಯೆ ಎನ್ನಿಸುತ್ತದೆ. ಕತ್ತಲ ಕೋಣೆಯಲ್ಲಿ ಒಂದು ಮೇಣದ ಬತ್ತಿಯ ಪಕ್ಕ ಇನ್ನೊಂದನ್ನು ಹಚ್ಚಿದರೆ ಎದ್ದು ಕಾಣುತ್ತದೆ. ನೂರು ಬತ್ತಿ ಉರಿಯುವಾಗ ನೂರೊಂದನೆಯದನ್ನು ಹಚ್ಚಿದರೆ ಯಾರಿಗೂ ತಿಳಿಯುವುದಿಲ್ಲ. ಕತ್ತಲಿನ ಕಡೆಯ ಸೂಕ್ಷ್ಮ ಕಣ್ಣಿಗೆ ಹೆಚ್ಚು. ಅಂಕಿಗೂ ಬೆಳಕಿಗೂ ಇರುವ ಈ ಬಾಗಿದ ಸಂಬಂಧಕ್ಕೆ ಗ್ಯಾಮಾ ಎಂದು ಹೆಸರು. ರೂಢಿಯಲ್ಲಿ ಅದರ ಬೆಲೆ 2.2. ಇದು ತಪ್ಪಿದರೆ ಮುಖದ ನೆರಳು ಮಸಿಯಾಗುತ್ತದೆ, ಇಲ್ಲವೆ ಚಿತ್ರವೆಲ್ಲ ಬೂದಿ ಎರಚಿದಂತೆ ಕಾಣುತ್ತದೆ.

ಬರಿಗಣ್ಣಿನಿಂದ ಇವನ್ನೆಲ್ಲ ನಿಖರವಾಗಿ ಹೊಂದಿಸುವುದು ಕಷ್ಟ. ಏಕೆಂದರೆ ನಮ್ಮ ಕಣ್ಣು ಬಹಳ ಹೊಂದಿಕೊಳ್ಳುವ ಸ್ವಭಾವದ್ದು. ನೀಲಿ ಛಾಯೆಯ ಪರದೆಯನ್ನೇ ಹತ್ತು ನಿಮಿಷ ನೋಡಿದರೆ ಅದೇ ಬಿಳಿ ಎಂದು ಒಪ್ಪಿಬಿಡುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಯನ್ನು ಅಂಗಡಿಯವನ ಕೈಯಂದಾಜಿಗೆ ಬಿಡದೆ ಸರ್ಕಾರ ಪರೀಕ್ಷಿಸಿ ಮುದ್ರೆ ಒತ್ತುವುದಿಲ್ಲವೆ? ಹಾಗೆಯೇ ಇಲ್ಲಿಯೂ ಒಂದು ಅಳತೆಯ ಉಪಕರಣವಿದೆ. ಅದರ ಹೆಸರು ಕಲರಿಮೀಟರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮಾನಿಟರನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಇದನ್ನು ಪರದೆಯ ಮೇಲೆ ಇಳಿಬಿಡುತ್ತಾರೆ. ತಂತ್ರಾಂಶ ಒಂದಾದ ಮೇಲೊಂದು ಬಣ್ಣದ ಚೌಕಗಳನ್ನು ತೋರಿಸುತ್ತದೆ. ‘ನಾನು ಇಷ್ಟು ಕೆಂಪು ಕೇಳಿದೆ, ಪರದೆ ಎಷ್ಟು ಕೊಟ್ಟಿತು?’ ಎಂದು ಉಪಕರಣದಿಂದ ವರದಿ ಪಡೆಯುತ್ತದೆ. ಬಂದ ವ್ಯತ್ಯಾಸವನ್ನು ಲೆಕ್ಕ ಹಾಕಿ ಪರದೆಯನ್ನು ತಿದ್ದುತ್ತದೆ. ಪರದೆಯ ದೀಪ ಕಾಲ ಕಳೆದಂತೆ ಮಂಕಾಗುತ್ತದೆ, ಛಾಯೆ ಬದಲಿಸುತ್ತದೆ. ಅದಕ್ಕೇ ಬಣ್ಣದ ಕೆಲಸ ಮಾಡುವವರು ತಿಂಗಳಿಗೊಮ್ಮೆ ಈ ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. ಒಮ್ಮೆ ಶ್ರುತಿ ಮಾಡಿದ ತಂಬೂರಿ ಜೀವಮಾನವಿಡೀ ಅದೇ ಶ್ರುತಿಯಲ್ಲಿ ಉಳಿಯುತ್ತದೆಯೆ?

ಸಾಧನಗಳ ಪರಿಚಯಪತ್ರ

ಶ್ರುತಿ ಸೇರಿದ ಮೇಲೂ ಪ್ರತಿ ಪರದೆಗೂ ತನ್ನದೇ ಗುಣದೋಷಗಳು ಉಳಿದಿರುತ್ತವೆ. ಅವನ್ನು ಬರೆದಿಟ್ಟ ಕಡತಕ್ಕೆ ಪ್ರೊಫೈಲ್ ಎನ್ನುತ್ತಾರೆ. ಅದನ್ನು ಸಾಧನದ ಪರಿಚಯಪತ್ರ ಎನ್ನಬಹುದು. ‘ನನ್ನ ಕೆಂಪು 255 ಎಂದರೆ ಕಣ್ಣಿನ ಲೆಕ್ಕದಲ್ಲಿ ಇದು, ನನ್ನ ಹಸಿರು ಇದು’ ಎಂದು ಅದು ಸಿಐಇ ಸಂಖ್ಯೆಗಳಲ್ಲಿ ಹೇಳುತ್ತದೆ. ಮುದ್ರಣ ಯಂತ್ರಕ್ಕೂ ಇಂಥದೇ ಪರಿಚಯಪತ್ರ ಇರುತ್ತದೆ. ಶಾಯಿ ಅದೇ ಆದರೂ ಸುದ್ದಿಪತ್ರಿಕೆಯ ಕಾಗದದಲ್ಲಿ ಚುಕ್ಕೆ ಒದ್ದೆ ಬಟ್ಟೆಯ ಮೇಲಿನ ಹನಿಯಂತೆ ಹರಡುತ್ತದೆ. ನುಣುಪು ಆರ್ಟ್ ಪೇಪರಿನಲ್ಲಿ ಚೊಕ್ಕವಾಗಿ ಕೂರುತ್ತದೆ. ಆದ್ದರಿಂದ ಯಂತ್ರ, ಶಾಯಿ, ಕಾಗದ ಮೂರೂ ಸೇರಿ ಒಂದು ಪರಿಚಯಪತ್ರ.

ಬೇರೆ ಬೇರೆ ಕಂಪನಿಗಳ ಪರಿಚಯಪತ್ರಗಳು ಬೇರೆ ಬೇರೆ ಭಾಷೆಯಲ್ಲಿದ್ದರೆ ಏನು ಪ್ರಯೋಜನ? ಅಡೋಬಿ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಸೇರಿದಂತೆ ಎಂಟು ಕಂಪನಿಗಳು 1993ರಲ್ಲಿ ಒಂದುಗೂಡಿ ಐಸಿಸಿ ಎಂಬ ಒಕ್ಕೂಟ ಮಾಡಿಕೊಂಡು ಎಲ್ಲಕ್ಕೂ ಒಂದೇ ನಮೂನೆಯನ್ನು ಗೊತ್ತುಮಾಡಿದವು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಸಾಮಾನ್ಯ ಪರದೆಗಳಿಗೆಲ್ಲ ಹೊಂದುವ ಎಸ್‌ಆರ್‌ಜಿಬಿ ಎಂಬ ಪ್ರಮಾಣವನ್ನು ಮುಂದಿಟ್ಟವು. ಇಂದಿಗೂ ಹೆಚ್ಚಿನ ಕ್ಯಾಮೆರಾ, ಸ್ಕ್ಯಾನರ್‌ಗಳ ಚಿತ್ರಗಳಿಗೆ ಅದೇ ಆಧಾರ.

ಈಗ ದುಭಾಷಿಯ ಕೆಲಸ ಸ್ಪಷ್ಟವಾಗುತ್ತದೆ. ಪರದೆಯ ಪರಿಚಯಪತ್ರ ಓದಿ ಅಂಕಿಯನ್ನು ಕಣ್ಣಿನ ಬಣ್ಣಕ್ಕೆ ತಿರುಗಿಸುವುದು. ಮುದ್ರಣದ ಪರಿಚಯಪತ್ರ ಓದಿ ಆ ಬಣ್ಣವನ್ನು ನಾಲ್ಕು ಶಾಯಿಗಳ ಪ್ರಮಾಣಕ್ಕೆ ಇಳಿಸುವುದು. ಪರಿಚಯಪತ್ರವೇ ಇಲ್ಲದ ಫೈಲು ಬಂದರೆ ಮುದ್ರಣಾಲಯದ ಕಂಪ್ಯೂಟರ್ ಊಹೆ ಮಾಡಬೇಕಾಗುತ್ತದೆ. ನಮ್ಮ ಮುಖಪುಟದ ಬಣ್ಣ ಹಾದಿ ತಪ್ಪಿದ ಒಂದು ತಿರುವು ಇಲ್ಲಿಯೇ ಇದ್ದೀತು.

ಇದರ ಬೆಲೆ ತಿಳಿಯುವುದು ಕೆಂಪು, ಹಳದಿಯಂಥ ಗಟ್ಟಿ ಬಣ್ಣಗಳಿಗಿಂತ ಬೂದುಬಣ್ಣದಲ್ಲಿ. ಬೂದುಬಣ್ಣಕ್ಕೆ ಸ್ವಲ್ಪ ಹಸಿರೋ ಗುಲಾಬಿಯೋ ಸೇರಿದರೂ ಕಣ್ಣು ಕೂಡಲೇ ಹಿಡಿಯುತ್ತದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ಕಲಾ ಗ್ಯಾಲರಿಗೆ ಕೆ. ವೆಂಕಟಪ್ಪನವರ ಹೆಸರಿದೆ. ಊಟಿ, ಕೊಡೈಕೆನಾಲ್‌ಗಳ ಬೆಟ್ಟ, ಮೋಡ, ಮಂಜನ್ನು ಅವರು ಜಲವರ್ಣದಲ್ಲಿ ಬರೆದಿದ್ದಾರೆ. ಅಂಥ ಚಿತ್ರಗಳಲ್ಲಿ ಮಂಜು ಎಂದರೆ ತೆಳುವಾದ ಬೂದುನೀಲಿಗಳ ಹತ್ತಾರು ಪದರ. ಅಚ್ಚಿನಲ್ಲಿ ಅದು ಹಸಿರಿಗೆ ವಾಲಿದರೆ ಮಂಜು ಹೋಗಿ ಪಾಚಿಯಾಗುತ್ತದೆ. ದೂರದ ಊರಿನ ವಿದ್ಯಾರ್ಥಿ ಇಂಥ ಚಿತ್ರಗಳನ್ನು ನೋಡುವುದು ಪುಸ್ತಕದಲ್ಲಿ ಮಾತ್ರ. ಪುಸ್ತಕ ತಪ್ಪಿದರೆ ಅವನು ಆ ಕಲಾವಿದನನ್ನೇ ತಪ್ಪಾಗಿ ಕಲಿಯುತ್ತಾನೆ. ಬಣ್ಣದ ನಿಖರತೆ ಶೋಕಿಯ ಮಾತಲ್ಲ ಎನ್ನುವುದು ಇದಕ್ಕೇ.

ನಿಲುಕದ ಸ್ವರಗಳು

ಇಷ್ಟೆಲ್ಲ ಮಾಡಿದ ಮೇಲೆ ಪರದೆಯೂ ಕಾಗದವೂ ಒಂದೇ ಆಗುತ್ತವೆಯೆ? ಪೂರ್ತಿಯಾಗಿ ಇಲ್ಲ. ಪರದೆಯ ಉಜ್ವಲ ಹಸಿರು, ಆಳವಾದ ನೀಲಿ, ಕಣ್ಣು ಕೋರೈಸುವ ಕಿತ್ತಳೆಗೆಂಪು ನಾಲ್ಕು ಶಾಯಿಗಳ ಮುದ್ರಣಕ್ಕೆ ಸಿಗುವುದಿಲ್ಲ. ಅಚ್ಚಿನ ಕೆಲವು ಹಸಿರುನೀಲಿಗಳನ್ನು ಸಾಮಾನ್ಯ ಪರದೆ ತೋರಿಸಲಾರದು ಎಂಬುದೂ ನಿಜ. ಪ್ರತಿ ಸಾಧನಕ್ಕೂ ತಾನು ತೋರಬಲ್ಲ ಬಣ್ಣಗಳ ಒಂದು ಎಲ್ಲೆ ಇದೆ.

ಹಾಡುಗಾರನ ಕಂಠ ತಾರಸ್ಥಾಯಿಯ ಕೊನೆಯ ಸ್ವರಗಳಿಗೆ ಏರುವುದಿಲ್ಲ ಎಂದುಕೊಳ್ಳಿ. ಅವನಿಗೆ ಎರಡು ದಾರಿಗಳಿವೆ. ಇಡೀ ಹಾಡನ್ನೇ ಕೆಳಗಿನ ಶ್ರುತಿಗೆ ಇಳಿಸಿ ಸ್ವರಗಳ ನಡುವಣ ಸಂಬಂಧ ಉಳಿಸಿಕೊಳ್ಳಬಹುದು. ಅಥವಾ ನಿಲುಕುವ ಸ್ವರಗಳನ್ನು ಇದ್ದಂತೆಯೇ ಹಾಡಿ, ನಿಲುಕದ ಕಡೆ ಮಾತ್ರ ಹತ್ತಿರದ ಸ್ವರದಲ್ಲಿ ನಿಲ್ಲಬಹುದು. ಮುದ್ರಣದ ತಂತ್ರಾಂಶಗಳಲ್ಲೂ ಇವೇ ಎರಡು ದಾರಿಗಳು ಮುಖ್ಯ. ಮೊದಲನೆಯದಕ್ಕೆ ಪರ್ಸೆಪ್ಚುಯಲ್ ಎಂದೂ ಎರಡನೆಯದಕ್ಕೆ ರಿಲೇಟಿವ್ ಕಲರಿಮೆಟ್ರಿಕ್ ಎಂದೂ ಹೆಸರು. ಗಾಢ ಬಣ್ಣಗಳೇ ತುಂಬಿರುವ ಚಿತ್ರಕ್ಕೆ ಮೊದಲನೆಯದು, ಹೆಚ್ಚಿನ ಬಣ್ಣಗಳು ಎಲ್ಲೆಯೊಳಗೇ ಇದ್ದರೆ ಎರಡನೆಯದು ಎಂದು ಸ್ಥೂಲವಾಗಿ ಹೇಳಬಹುದು. ಅಚ್ಚಾದಾಗ ಹೇಗೆ ಕಂಡೀತು ಎಂಬುದನ್ನು ಮೊದಲೇ ಪರದೆಯ ಮೇಲೆ ನಟಿಸಿ ತೋರಿಸುವ ಸೌಲಭ್ಯವೂ ಇದೆ. ಇದಕ್ಕೆ ಸಾಫ್ಟ್ ಪ್ರೂಫ್ ಎನ್ನುತ್ತಾರೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲೂ ಇದು ಲಭ್ಯ. ಆದರೆ ಪರದೆಯ ಶ್ರುತಿ ಸರಿಯಿಲ್ಲದಿದ್ದರೆ ಈ ನಟನೆಯನ್ನು ನಂಬುವಂತಿಲ್ಲ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹುಡುಗಿ ಬರೆದದ್ದು ಜಲವರ್ಣದಲ್ಲಿ, ಕಾಗದದ ಮೇಲೆ. ಜಲವರ್ಣವೂ ಶಾಯಿಯಂತೆ ಬೆಳಕನ್ನು ಕಳೆದೇ ಬಣ್ಣ ತೋರುವಂಥದು. ಪರದೆಯ ಮೇಲೆ ಹೊತ್ತಿ ಉರಿದ ಆ ಮರ ಅವಳ ಮೂಲ ಚಿತ್ರದಲ್ಲಿ ಇರಲೇ ಇಲ್ಲ! ಅತಿ ಪ್ರಖರ ಪರದೆ ಅದನ್ನು ಉಬ್ಬಿಸಿ ತೋರಿಸಿತ್ತು. ಸರಿಯಾಗಿ ಅಚ್ಚು ಹಾಕಿದ್ದರೆ ಕಾಗದವೇ ಅವಳ ಬಣ್ಣಕ್ಕೆ ಪರದೆಗಿಂತ ಹತ್ತಿರ ಬರಬಹುದಾಗಿತ್ತು. ಎಲ್ಲರೂ ಪರದೆಯನ್ನು ನೋಡಿ ಹೊಗಳಿದರು. ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿದವರು ಯಾರೂ ಇರಲಿಲ್ಲ.

ಬಾಗಿಲ ಬಳಿ ಹೋಗಿ ನೋಡು

ಸೀರೆ ಅಂಗಡಿಯಲ್ಲಿ ಹೆಂಗಸರು ಸೀರೆ ಹಿಡಿದು ಬಾಗಿಲಿನವರೆಗೆ ಹೋಗಿ ಹಗಲು ಬೆಳಕಿನಲ್ಲಿ ನೋಡುವುದನ್ನು ಕಂಡಿದ್ದೀರಿ. ಒಳಗಿನ ದೀಪದಲ್ಲಿ ಸೀರೆಗೆ ಸರಿಯಾಗಿ ಹೊಂದಿದ ರವಿಕೆ ಕಣ ಬೀದಿಗೆ ಬಂದ ಮೇಲೆ ಬೇರೆಯೇ ಬಣ್ಣವಾಗುವುದುಂಟು. ಇದು ಕಣ್ಣಿನ ಭ್ರಮೆಯಲ್ಲ. ಎರಡು ಬೇರೆ ಬೇರೆ ರಂಗುಗಳು ಬೆಳಕಿನ ಅಲೆಗಳನ್ನು ಬೇರೆ ಬೇರೆ ರೀತಿಯಲ್ಲಿ ಹಿಂದಿರುಗಿಸಿದರೂ ಒಂದು ನಿರ್ದಿಷ್ಟ ದೀಪದಡಿಯಲ್ಲಿ ಕಣ್ಣಿನ ಮೂರು ಬಗೆಯ ಕೋಶಗಳಿಗೆ ಒಂದೇ ಉತ್ತರ ಕೊಡಬಲ್ಲವು. ದೀಪ ಬದಲಾದರೆ ಗುಟ್ಟು ಹೊರಬೀಳುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಮೆಟಮೆರಿಸಂ ಎಂದು ಹೆಸರು. ಮೂಲ ಚಿತ್ರದ ಜಲವರ್ಣ ಬೇರೆ, ಅಚ್ಚಿನ ಶಾಯಿ ಬೇರೆ. ಆದ್ದರಿಂದ ಅಚ್ಚನ್ನು ಯಾವ ಬೆಳಕಿನಲ್ಲಿ ಪರೀಕ್ಷಿಸಿದಿರಿ ಎಂಬ ಪ್ರಶ್ನೆ ಮುಖ್ಯ. ನಮ್ಮ ಹೆಂಗಸರ ಪದ್ಧತಿಯೇ ಇಲ್ಲಿಯೂ ಒಳ್ಳೆಯದು: ನೇರ ಬಿಸಿಲಲ್ಲದ ಹಗಲು ಬೆಳಕು.

ತಂದೆತಾಯಿಯರಿಗೆ ಎರಡು ಮಾತು

ಮಗ ಅಥವಾ ಮಗಳು ಚಿತ್ರಕಲೆಯಲ್ಲಿ ಆಸಕ್ತಿ ತೋರಿದ ಕೂಡಲೇ ದುಬಾರಿ ಮಾನಿಟರ್ ಕೊಳ್ಳಬೇಕಾಗಿಲ್ಲ. ಕಲರಿಮೀಟರ್ ಕೂಡ ಅಗ್ಗದ ವಸ್ತುವಲ್ಲ. ಬಣ್ಣದ ಕೆಲಸವೇ ಜೀವನವಾದವರಿಗೆ ಅದು ಬೇಕು. ಮನೆಯಲ್ಲಿ ಖರ್ಚಿಲ್ಲದೆ ಮಾಡಬಹುದಾದದ್ದು ಬಹಳಷ್ಟಿದೆ.

ಮಾನಿಟರಿನ ಗುಂಡಿಗಳಲ್ಲಿ ‘ವಿವಿಡ್’, ‘ಡೈನಾಮಿಕ್’ ಮುಂತಾದ ಆಯ್ಕೆ ಇದ್ದರೆ ತೆಗೆದು ‘ಎಸ್‌ಆರ್‌ಜಿಬಿ’ ಅಥವಾ ‘6500’ ಇಡಿ. ರಾತ್ರಿ ಹೊತ್ತು ಪರದೆಯನ್ನು ಹಳದಿಯಾಗಿಸುವ ಸೌಲಭ್ಯವನ್ನು ಚಿತ್ರದ ಕೆಲಸ ಮಾಡುವಾಗ ಆರಿಸಿ. ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳದಂತೆ ಕೂರಿಸಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಪರದೆಯ ಬಿಳಿ ಅದಕ್ಕೆ ಸಮನಾಗುವವರೆಗೆ ಪ್ರಖರತೆ ಇಳಿಸಿ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಗ್ಯಾಮಾ ಮತ್ತು ಬೂದುಬಣ್ಣಗಳನ್ನು ಕಣ್ಣಳತೆಯಲ್ಲಿ ಸರಿಪಡಿಸುವ ಕ್ರಮವೊಂದು ಒಳಗೇ ಇದೆ, ಅದನ್ನೊಮ್ಮೆ ಮಾಡಿ. ಫೈಲನ್ನು ಉಳಿಸುವಾಗ ಬಣ್ಣದ ಪ್ರೊಫೈಲನ್ನೂ ಅದರೊಳಗೆ ಸೇರಿಸಿ. ಮೊಬೈಲಿನಲ್ಲಿ ನೋಡಿ ಬಣ್ಣಕ್ಕೆ ಒಪ್ಪಿಗೆ ಕೊಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, 500 ಪ್ರತಿ ಹಾಕಿಸುವ ಮುನ್ನ ಅದೇ ಕಾಗದದ ಮೇಲೆ ಒಂದೇ ಒಂದು ಪ್ರತಿ ತೆಗೆಸಿ. ಮೂಲ ಚಿತ್ರದ ಜೊತೆಗಿಟ್ಟು ಹಗಲು ಬೆಳಕಿನಲ್ಲಿ ನೋಡಿ, ಒಪ್ಪಿಗೆಯಾದರೆ ಅದರ ಮೇಲೆ ಸಹಿ ಹಾಕಿ ಮುದ್ರಕರಿಗೆ ಕೊಡಿ. ಆಗ ಮುಂದಿನ ಮಾತಿಗೆ ಇಬ್ಬರಿಗೂ ಒಂದು ಆಧಾರ ಇರುತ್ತದೆ.

ಆ ಒಂದು ಪ್ರತಿಯನ್ನು ನೋಡುವಾಗ ಚಿತ್ರ ಬರೆದ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ. ತಾನು ಯಾವ ಕೆಂಪು ಬೆರೆಸಿದೆ ಎಂಬುದು ಅದಕ್ಕೆ ಗೊತ್ತು.

ಮಾಡಿ ನೋಡಿ

1. ಕಂಪ್ಯೂಟರ್ ಪರದೆಯಲ್ಲಿ ಬಿಳಿ ಪುಟ ತೆರೆದು ಭೂತಗನ್ನಡಿ ಹಿಡಿಯಿರಿ. ಬಿಳಿ ಎಲ್ಲೂ ಇಲ್ಲ. ಕೆಂಪು, ಹಸಿರು, ನೀಲಿ ಗೆರೆಗಳಷ್ಟೇ ಕಾಣುತ್ತವೆ. ಹಳದಿ ಚಿತ್ರ ತೆರೆದರೆ ಯಾವುದು ಆರುತ್ತದೆ, ನೋಡಿ.

2. ಅದೇ ಭೂತಗನ್ನಡಿಯನ್ನು ಬಣ್ಣದ ಪತ್ರಿಕೆಯ ಚಿತ್ರದ ಮೇಲೆ ಹಿಡಿಯಿರಿ. ಹಸಿರು ಎಲೆಯಲ್ಲಿ ಯಾವ ಯಾವ ಬಣ್ಣದ ಚುಕ್ಕೆಗಳಿವೆ, ಎಣಿಸಿ. ದಿನಪತ್ರಿಕೆಯ ಪುಟದ ಅಂಚಿನಲ್ಲಿ ನಾಲ್ಕು ಬಣ್ಣದ ಸಣ್ಣ ಬೊಟ್ಟುಗಳು ಹಲವು ಸಲ ಕಾಣಸಿಗುತ್ತವೆ. ಅವು ಯಾವ ನಾಲ್ಕು ಎಂದು ಈಗ ನೀವೇ ಹೇಳಬಲ್ಲಿರಿ.

3. ಒಂದು ಬಿಳಿ ಹಾಳೆಯನ್ನು ಕಿಟಕಿಯ ಬಳಿ, ಟ್ಯೂಬ್‌ಲೈಟಿನಡಿ, ದೇವರ ದೀಪದ ಮುಂದೆ ಹಿಡಿದು ಒಂದೇ ಮೊಬೈಲಿನಲ್ಲಿ ಮೂರು ಫೋಟೊ ತೆಗೆಯಿರಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಆಯ್ಕೆಯನ್ನು ಮೂರಕ್ಕೂ ‘ಹಗಲು’ ಎಂದೇ ಇಟ್ಟಿರಬೇಕು. ಮೂರು ಫೋಟೊಗಳನ್ನೂ ಪಕ್ಕಪಕ್ಕದಲ್ಲಿಟ್ಟು ಹಾಳೆಯ ಬಣ್ಣ ಯಾವುದೆಂದು ಮನೆಯವರನ್ನು ಕೇಳಿ.